ಹನ್ನೊಂದನೇ ಅಂತಸ್ತಿನ ಮೂಲೆ ಸೂಟು

ಚಾಮರಾಜನಗರ
4 ನವೆಂಬರ್ 2024

ಅಕ್ಕ,

ಈ ಕಾಲದಲ್ಲಿ ಯಾರಪ್ಪ ಕಾಗದ ಬರೆಯುವವರು ಎಂದು ಲಕೋಟೆ ಹಿಡಿದು ನಗುತ್ತಿರುತ್ತೀಯ. ನಗು. ಗೌರಿ ಹಬ್ಬದಿಂದೀಚೆಗೆ ನನ್ನ ಫೋನು ಇವರ ಹತ್ತಿರವೇ ಇದೆ. ನನಗೆ ತಲೆನೋವು ಬರುವುದು ಫೋನಿನಿಂದಲೇ ಎಂದು ಡಾಕ್ಟರು ಹೇಳಿದರಂತೆ. ನನಗಲ್ಲ, ಇವರಿಗೆ. ನಿನ್ನ ಜೊತೆ ಮಾತಾಡುವಾಗಲೂ ಸ್ಪೀಕರಿಗೆ ಹಾಕಿ ಪಕ್ಕದಲ್ಲೇ ಕೂರುತ್ತಾರೆ. ಗಂಡಸು ಕಿವಿ ಕೊಟ್ಟು ಕೂತಿರುವಾಗ ಅಕ್ಕತಂಗಿಯರು ಏನು ಮಾತಾಡಲಿಕ್ಕಾಗುತ್ತದೆ? ಏನು ಸಾರು, ಮಳೆ ಬಂತಾ ಎಂದು ಕೇಳಿ ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ. ನಮ್ಮ ಮನೆಗೆಲಸದ ಪುಟ್ಟಿ ಇದನ್ನು ಅಂಚೆ ಡಬ್ಬಕ್ಕೆ ಹಾಕುತ್ತಾಳೆ. ಹಿಂದೆ ಅವಳ ವಿಳಾಸ ಇದೆ, ನೀನೂ ಅಲ್ಲಿಗೇ ಬರೆ.

ಈಗ ಕೂತುಕೊಂಡು ಓದು. ನಾನು ಹಡಗು ಹತ್ತುತ್ತಿದ್ದೇನೆ! ಜನವರಿ ಹದಿನೆಂಟಕ್ಕೆ ಕೊಚ್ಚಿಯಿಂದ ಹೊರಟು ಐದು ರಾತ್ರಿ ಸಮುದ್ರದ ಮೇಲೆ. ಮಾಲ್ಡೀವ್ಸ್ ನೋಡಿಕೊಂಡು ವಾಪಸ್. ಗುಂಡ್ಲುಪೇಟೆ ಕೆರೆ ಬಿಟ್ಟರೆ ನೀರು ನೋಡದ ನಿನ್ನ ತಂಗಿಗೆ ಈ ಯೋಗ ನೋಡು. ಇವರು ಒಂದು ಬಣ್ಣದ ಪುಸ್ತಕ ತಂದಿದ್ದಾರೆ. ದಿನಾ ಊಟ ಆದ ಮೇಲೆ ಅದನ್ನು ಮುಂದಿಟ್ಟು, "ನೀನೇ ಆರಿಸು ರಂಜಿ, ನಂದೇನಿಲ್ಲ" ಅನ್ನುತ್ತಾರೆ.

ಆರಿಸುವುದು ಸುಲಭವಲ್ಲ ಕಣೆ. ಮಾಮೂಲಿ ಕೋಣೆಗಳ ಮಾತೇ ಇಲ್ಲ, ಎಲ್ಲ ಸೂಟುಗಳೇ, ಅದರಲ್ಲಿ ಮೂರು ತರಗತಿ. ಒಂದು ಕಿಟಕಿ ಸೂಟು. ಹಡಗಿನ ನಡುಮಧ್ಯ ಇರುತ್ತದೆ, ಗೋಡೆಯಗಲದ ಗಾಜು, ತೆಗೆಯಲು ಬರುವುದಿಲ್ಲ. ಎರಡನೆಯದು ಬಾಲ್ಕನಿ ಸೂಟು. ಇಬ್ಬರು ಕೂತು ಕಾಫಿ ಕುಡಿಯುವಷ್ಟು ಜಾಗ, ಕೆಳಗಡೆ ಸಮುದ್ರ. ಮೂರನೆಯದು ಹಡಗಿನ ಹಿಂಬದಿಯ ಮೂಲೆ ಸೂಟು. ಅದಂತೂ ನಮ್ಮ ಮನೆಗಿಂತ ದೊಡ್ಡದು! ಎರಡು ಕಡೆಗೂ ಸುತ್ತಿ ಬರುವ ಬಾಲ್ಕನಿ, ಅಲ್ಲೇ ಬಿಸಿನೀರಿನ ತೊಟ್ಟಿ, ಕರೆದರೆ ಓಡಿ ಬರಲು ಒಬ್ಬ ಆಳು. ಬೇಡ ಅಂದರೆ ಐದು ದಿನ ಅವನೂ ಬರುವುದಿಲ್ಲವಂತೆ.

ಇವರಿಗೆ ನನ್ನದೇ ಚಿಂತೆ. "ರೇಲಿಂಗ್ ಹತ್ರ ನಿಂತ್ರೆ ತಲೆ ಸುತ್ತಲ್ವ ನಿಂಗೆ?" ಎಂದು ಮೂರು ಸಲ ಕೇಳಿದರು. ಮೊದಲ ಹೆಂಡತಿಯನ್ನು ನೆನೆದು ಕಣ್ಣಲ್ಲಿ ನೀರು ಹಾಕಿಕೊಂಡರು. ಪಾಪ, ಆ ಪ್ರಿಯಾಂಕ ಇವರದೇ ಕ್ವಾರಿಯಲ್ಲಿ ಕಾಲು ಜಾರಿ ಬಿದ್ದು ಹೋದವಳು, ಅವಳನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ ಎಂಬ ಸಂಕಟ ಇವರಿಗೆ.

ಮದುವೆಯಾಗಿ ಮೂರು ವರ್ಷಕ್ಕೆ ಈ ಮನುಷ್ಯ ಹೀಗೆ ಮೆತ್ತಗಾಗುತ್ತಾರೆ ಎಂದುಕೊಂಡಿರಲಿಲ್ಲ. ನೀನು ಹೇಳು, ಯಾವುದನ್ನು ಆರಿಸಲಿ?

ನಿನ್ನ ರಂಜಿ

———

ಗುಂಡ್ಲುಪೇಟೆ
9 ನವೆಂಬರ್ 2024

ರಂಜಿ,

ನಿನ್ನ ಕಾಗದ ಬಂದಾಗ ಅಂಗಡಿ ತುಂಬ ಜನ. ಮದುವೆ ಸೀಸನ್ನು, ಬ್ಲೌಸುಗಳು ಮಂಡಿಯುದ್ದ ಬಿದ್ದಿವೆ. ಆದರೂ ಮಿಷನ್ ನಿಲ್ಲಿಸಿ ಎರಡು ಸಲ ಓದಿದೆ. ಮಹಾರಾಣಿ ಹೊರಟಿದ್ದಾಳೆ, ಪಲ್ಲಕ್ಕಿ ಯಾವುದಿರಲಿ ಎಂದು ಕೇಳುತ್ತಿದ್ದಾಳೆ!

ನನ್ನ ಕೇಳಿದರೆ ಕಿಟಕಿ ಸೂಟನ್ನೇ ಆರಿಸು. ನೀನು ಚಿಕ್ಕಂದಿನಿಂದ ಶೀತದ ಮೈಯವಳು, ಸಮುದ್ರದ ಗಾಳಿ ಐದು ದಿನ ಬಡಿದರೆ ಎದೆ ಕಟ್ಟುತ್ತದೆ. ಹಡಗಿನ ಮಧ್ಯ ಇದ್ದರೆ ಅಲುಗಾಟವೂ ಕಮ್ಮಿ, ವಾಂತಿ ಆಗುವುದಿಲ್ಲ ಎಂದು ನಿಮ್ಮ ಭಾವನೂ ಹೇಳಿದರು. ಕೋಯಿಕ್ಕೋಡಿಗೆ ತರಕಾರಿ ಲೋಡು ಹೊಡೆಯುವ ಶಿವಮೂರ್ತಿಗೆ ಹಡಗಿನ ಬಗ್ಗೆ ಏನು ಗೊತ್ತು ಎಂದು ನೀನು ನಗಬಹುದು, ಆದರೆ ಬಂದರು ನೋಡಿದ ಮನುಷ್ಯ. ಸಮುದ್ರ ಗಾಜಿನಾಚೆ ಇದ್ದರೂ ಸಮುದ್ರವೇ. ಮೈಗೆ ತಾಗಿಸಿಕೊಂಡೇ ನೋಡಬೇಕೆಂದೇನಿಲ್ಲ.

ಮೂಲೆ ಸೂಟು ಬೇಡ. ಅಷ್ಟು ದೊಡ್ಡ ಜಾಗದಲ್ಲಿ ಇಬ್ಬರೇ ಏನು ಮಾಡುತ್ತೀರಿ? ಜನ ಓಡಾಡುವ ಕಡೆ ಇರು.

ಒಂದು ಮಾತು. ಮೈಸೂರು ದಸರಾಕ್ಕೂ ಕರೆದುಕೊಂಡು ಹೋಗದವರು ಇದ್ದಕ್ಕಿದ್ದ ಹಾಗೆ ಸಮುದ್ರಕ್ಕೆ ಯಾಕೆ ಹೊರಟರು? ಸುಮ್ಮನೆ ಕೇಳಿದೆ. ಬೇಗ ಬರೆ.

ಪವಿತ್ರಕ್ಕ

———

ಚಾಮರಾಜನಗರ
17 ನವೆಂಬರ್ 2024

ಅಕ್ಕ,

ಬೇಜಾರಾಯಿತು. ಮುಚ್ಚಿಟ್ಟುಕೊಂಡು ಏನು ಮಾಡಲಿ, ನೇರವಾಗಿಯೇ ಹೇಳುತ್ತೇನೆ. ನಿನಗೆ ಹೊಟ್ಟೆಯುರಿಯೇನೆ? ಸಮುದ್ರದ ಗಾಳಿಗೆ ನನ್ನ ಎದೆ ಕಟ್ಟುತ್ತದಂತೆ! ಮಂಜು ಬೀಳುವ ಬೆಳಗಿನ ಜಾವದಲ್ಲಿ ಭೀಮನಬೀಡಿನ ಹೊಲಕ್ಕೆ ನನ್ನ ಕೈಲಿ ಬುತ್ತಿ ಹೊರಿಸುತ್ತಿದ್ದೆಯಲ್ಲ, ಆಗ ಕಟ್ಟಲಿಲ್ಲವೇ ಎದೆ?

ಈ ಮದುವೆ ಮಾಡಿಸಿದವಳು ನೀನು. ಮೂವತ್ತಮೂರು ಆಯ್ತು, ಎರಡನೇ ಸಂಬಂಧವಾದರೇನು, ಒಂದು ರೂಪಾಯಿ ವರದಕ್ಷಿಣೆ ಬೇಡ ಅಂತಿದಾರೆ, ಪುಣ್ಯ ಮಾಡಿದ್ದೀಯ ಎಂದು ನನ್ನನ್ನು ಒಪ್ಪಿಸಿದವಳು ನೀನು. ನಾನು ಅತ್ತುಕೊಂಡು ಫೋನ್ ಮಾಡಿದ ದಿನ ಹೊಂದಿಕೊಂಡು ಹೋಗು ಎಂದೆ. ಈಗ ನಗುತ್ತ ಬರೆದರೆ ನಿನಗೆ ಯಾಕೋ ಹಿಡಿಸಲಿಲ್ಲ.

ಇನ್ನು ಆರಿಸುವುದೇನೂ ಉಳಿದಿಲ್ಲ ಬಿಡು. ನಾನು ಕಿಟಕಿ ಸೂಟು ಅಂದೆ, ನಿನ್ನ ಮಾತಿಗೆ ಬೆಲೆ ಕೊಟ್ಟು. ಇವರು ಬೇಡ ಅನ್ನಲಿಲ್ಲ. ದೇವರನ್ನೇ ಕೇಳಿಬಿಡೋಣ ಎಂದು ಮನೆದೇವರ ಗುಡಿಗೆ ಒಬ್ಬರೇ ಹೋಗಿ ಹೂ ಪ್ರಸಾದ ಕೇಳಿ ಬಂದರು. ಮೂಲೆ ಸೂಟಿಗೇ ಬಲಗಡೆ ಹೂ ಬಿತ್ತಂತೆ. ಒಂದಲ್ಲ, ಮೂರು ಸಲ ಕೇಳಿದರೂ ಬಲಗಡೆಯೇ. ಆ ಹೂವನ್ನು ತಂದು ಇವರೇ ನನ್ನ ಮುಡಿಗಿಟ್ಟರು.

ಪ್ರವಾಸಕ್ಕೆ ಮೊದಲು ಎಷ್ಟು ಕೆಲಸ ಅಂತೀಯ! ಪಾಸ್‌ಪೋರ್ಟು ಬಂತು. ಪರದೇಶಕ್ಕೆ ಹೋಗುವ ಗಂಡಹೆಂಡಿರು ವಿಲ್ ಬರೆದಿಟ್ಟು ಹೋಗಬೇಕಂತೆ, ಅದನ್ನೂ ಬರೆಸಿದರು. ನನ್ನದೆಲ್ಲ ಇವರಿಗೆ, ಇವರದೆಲ್ಲ ನನಗೆ. ನನ್ನದು ಅಂತ ಇರುವುದಾದರೂ ಏನು, ಅಪ್ಪ ಕೊಟ್ಟ ಹೊಲ ತಾನೆ. ನನ್ನ ಭಾಗದಲ್ಲಿ ಒಂದಾಳುದ್ದ ಅಗೆದರೆ ಕರಿಕಲ್ಲು ಸಿಗುತ್ತದೆ ಎಂದು ಇವರು ಮೊದಲ ವರ್ಷವೇ ಹೇಳಿದ್ದರು. ಕಡಲೆಕಾಯಿ ಹಾಕೋ ಹೊಲದಲ್ಲಿ ಡೈನಮೈಟು ಸಿಡಿಸಕ್ಕೆ ನಾನು ಬಿಡಲ್ಲ ಅಂದಿದ್ದೆ. ಮೊನ್ನೆಯೂ ಅದೇ ಅಂದೆ. ಇವರು ನಕ್ಕು, "ಆಯ್ತು ಕಣಮ್ಮಿ, ನೀನಿರಗಂಟ ಯಾರು ಮುಟ್ಟಾರು ಬುಡು" ಅಂದರು.

ಇಷ್ಟು ಒಳ್ಳೆಯವರ ಬಗ್ಗೆ ಅನುಮಾನದ ಮಾತು ಬರೆಯಬೇಡ.

ರಂಜಿನಿ

———

ಗುಂಡ್ಲುಪೇಟೆ
2 ಡಿಸೆಂಬರ್ 2024

ರಂಜಿ,

ಮೊನ್ನೆ ಗುರುವಾರ ನಿಮ್ಮ ಮನೆಗೆ ಬಂದಿದ್ದು ಕಜ್ಜಾಯ ಕೊಡುವುದಕ್ಕಲ್ಲ. ನಿನಗೊಂದು ಮಾತು ಹೇಳಬೇಕಿತ್ತು. ಮೂರು ಗಂಟೆ ಕೂತಿದ್ದೆ, ಮೂರು ಗಂಟೆಯೂ ನಿನ್ನ ಗಂಡ ಎದುರಿನ ಸೋಫಾ ಬಿಟ್ಟು ಏಳಲಿಲ್ಲ. ನೀನು ಅಡುಗೆಮನೆಗೆ ಹೋದರೆ ಅವರೂ ನೀರು ಕುಡಿಯಲು ಬಂದರು. ನಾನು ಹಿತ್ತಲಿಗೆ ಬಂದರೆ ಅವರಿಗೂ ಹಿತ್ತಲಲ್ಲಿ ಕೆಲಸ ಬಂತು. ಬಸ್‌ಸ್ಟ್ಯಾಂಡಿಗೆ ಕಾರಲ್ಲಿ ಬಿಟ್ಟು, "ಇಷ್ಟ್ ದೂರ ಯಾಕ್ ಬರಕ್ಕೋದ್ರಿ ಅಕ್ಕಾ, ಫೋನ್ ಇಲ್ವ?" ಎಂದು ನಕ್ಕರು. ಅತಿ ವಿನಯ ಧೂರ್ತ ಲಕ್ಷಣ ಎಂದು ಅಪ್ಪ ಹೇಳುತ್ತಿದ್ದುದು ಬಸ್ಸಲ್ಲಿ ಪೂರ್ತಿ ಕಿವಿಯಲ್ಲಿ ಕೂಗುತ್ತಿತ್ತು.

ನನಗೆ ಹೊಟ್ಟೆಯುರಿ ಅಂದೆಯಲ್ಲ, ಹೌದು, ಹೊಟ್ಟೆ ಉರಿಯುತ್ತಿದೆ. ಆದರೆ ನೀನು ತಿಳಿದ ಕಾರಣಕ್ಕಲ್ಲ. ಈಗ ಬರೆಯುವುದನ್ನು ಓದಿ ಆದ ಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿಯೇ.

ನಿನ್ನ ಮದುವೆಗೆ ಇನ್ನು ಹನ್ನೆರಡು ದಿನ ಇದ್ದಾಗ ಕುದೇರಿನಿಂದ ಒಬ್ಬ ಹೆಂಗಸು ನನ್ನ ಅಂಗಡಿಗೆ ಬಂದಳು. ದೊಡ್ಡಮಲ್ಲಮ್ಮ, ಪ್ರಿಯಾಂಕಳ ತಾಯಿ. ಒಂದು ಹಳೇ ಬ್ಲೌಸು ರಿಪೇರಿ ಮಾಡಬೇಕು ಎಂದು ಮುಂದಿಟ್ಟಳು. ಮಗಳು ಬಿದ್ದ ದಿನ ಉಟ್ಟಿದ್ದ ಬಟ್ಟೆ, ಆಸ್ಪತ್ರೆಯವರು ಗಂಟು ಕಟ್ಟಿ ಕೊಟ್ಟಿದ್ದು. "ನೀನು ಒಲಿಯೋಳು, ನೋಡಿ ಯೋಳು ಕಣವ್ವ. ಇದು ಕಲ್ಗೆ ಸಿಕ್ಕಿ ಅರ್ದಿರಾದಾ?" ಎಂದು ಕೇಳಿದಳು.

ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ ರಂಜಿ. ಬಟ್ಟೆ ಕಲ್ಲಿಗೆ ಸಿಕ್ಕಿದರೆ ಪರಚಿಕೊಂಡು ಹರಿಯುತ್ತದೆ, ನೂಲು ಎಳೆಎಳೆಯಾಗಿ ಕಿತ್ತು ಬರುತ್ತದೆ. ಆ ಬ್ಲೌಸಿನ ಬಟ್ಟೆ ಎಲ್ಲೂ ಹರಿದಿರಲಿಲ್ಲ. ಬಲತೋಳಿನ ಹೊಲಿಗೆ ಮಾತ್ರ ಕಂಕುಳಿನಿಂದ ಭುಜದವರೆಗೆ ನೀಟಾಗಿ ಬಿಚ್ಚಿಕೊಂಡಿತ್ತು. ಯಾರೋ ತೋಳು ಬಲವಾಗಿ ಹಿಡಿದಾಗ, ಹಿಡಿಸಿಕೊಂಡವಳು ಕೊಸರಿಕೊಂಡಾಗ ಮಾತ್ರ ಹೊಲಿಗೆ ಹಾಗೆ ಬಿಚ್ಚುತ್ತದೆ. ನನಗೆ ನೋಡಿದ ತಕ್ಷಣ ಗೊತ್ತಾಯಿತು. ದೊಡ್ಡಮಲ್ಲಮ್ಮನಿಗೂ ಗೊತ್ತಿತ್ತು, ನನ್ನ ಬಾಯಿಂದ ಕೇಳಬೇಕಿತ್ತು ಅಷ್ಟೆ. ಅವಳ ಗಂಡ ಮಗಳ ಹೆಸರಿಗೆ ಬರೆದ ಹೊಲದ ಕೆಳಗೂ ಕರಿಕಲ್ಲಿತ್ತು. ನಿನ್ನ ಗಂಡನ ಈಗಿನ ದೊಡ್ಡ ಕ್ವಾರಿ ಅದೇ.

ನಾನು ಏನು ಹೇಳಿದೆ ಗೊತ್ತಾ? "ಹಳೇ ಹೊಲಿಗೆ ಅಮ್ಮ, ನೂಲು ಸತ್ತೋಗಿದೆ" ಅಂದೆ. ಕಾಫಿ ಕೊಟ್ಟು ಕಳಿಸಿದೆ. ಲಗ್ನಪತ್ರಿಕೆ ಹಂಚಿಯಾಗಿತ್ತು. ನಿನ್ನ ತಲೆಯ ಮೇಲೆ ಅಕ್ಕಿಕಾಳು ಬಿದ್ದರೆ ಸಾಕು ಎಂದು ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದೆ. ಮಗಳು ಸತ್ತ ದುಃಖಕ್ಕೆ ಆ ಹೆಂಗಸಿಗೆ ಭ್ರಮೆ ಹಿಡಿದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಬಾಯಿಗೆ ಹುಳ ಬೀಳಲಿ.

ಬಲಗಡೆ ಹೂ ಬಿದ್ದ ದೇವರನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ ಕಣೆ. ನಿನ್ನ ಗಂಡ ಮೂರು ಸಲ ಕೇಳಿದರು ಅಂದರೆ ಒಂದು ಸಲವೂ ಕೇಳಿಲ್ಲ. ಮೂಲೆ ಸೂಟಿಗೆ ಹೋಗಬೇಡ. ಹಡಗಿಗೇ ಹೋಗಬೇಡ. ಹೇಗಾದರೂ ಬರೆ.

ಪವಿತ್ರ

———

ಚಾಮರಾಜನಗರ
15 ಡಿಸೆಂಬರ್ 2024

ಅಕ್ಕ,

ಕಾಗದ ಬಂದು ಎಂಟು ದಿನವಾಯಿತು. ಪುಟ್ಟಿ ಸೆರಗಿನಲ್ಲಿ ಕಟ್ಟಿಕೊಂಡು ತಂದಳು. ಬಚ್ಚಲಲ್ಲಿ ನಿಂತು ಓದಿದೆ. ಆಮೇಲೆ ಹೊರಗೆ ಬಂದು ಇವರಿಗೆ ತಟ್ಟೆ ಹಾಕಿದೆ. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದೂ ಕೇಳಿದೆ.

ನಿನ್ನ ಕಾಗದ ಬರುವ ಹಿಂದಿನ ಭಾನುವಾರ ಏನು ನಡೆಯಿತು ಎಂದು ಹೇಳುತ್ತೇನೆ. ರೇಲಿಂಗ್ ಹತ್ತಿರ ತಲೆ ಸುತ್ತಬಾರದು, ಅಭ್ಯಾಸ ಮಾಡಿಸುತ್ತೇನೆ ಎಂದು ಇವರು ನನ್ನನ್ನು ಕ್ವಾರಿಗೆ ಕರೆದುಕೊಂಡು ಹೋದರು. ಅಂಚಿನಲ್ಲಿ ನಿಲ್ಲಿಸಿದರು. ಕೆಳಗೆ ಹಸಿರು ನೀರು ನಿಂತಿತ್ತು. ನನ್ನ ತೋಳು ಹಿಡಿದುಕೊಂಡು, "ಕಣ್ಮುಚ್ಚು, ಅತ್ತು ಎಣ್ಸು" ಅಂದರು. ನಾನು ಕಣ್ಣು ಮುಚ್ಚಿ ನಗುತ್ತ ಹತ್ತು ಎಣಿಸಿದೆ ಅಕ್ಕ. ನಗುತ್ತ ಎಣಿಸಿದೆ. ಈಗ ರಾತ್ರಿ ಹಗಲು ಆ ತೋಳು ಉರಿಯುತ್ತದೆ.

ಅಲ್ಲಿ ನನ್ನನ್ನು ತಳ್ಳದೆ ಯಾಕೆ ಬಿಟ್ಟರು ಎಂದು ಯೋಚಿಸಿದೆ. ಎರಡನೇ ಹೆಂಡತಿಯೂ ಅದೇ ಕ್ವಾರಿಯಲ್ಲಿ ಬಿದ್ದಳು ಅಂದರೆ ಊರು ಸುಮ್ಮನಿರುತ್ತದೆಯೇ? ಸಮುದ್ರವಾದರೆ ನೋಡಿದವರಿಲ್ಲ, ಕೇಳುವವರಿಲ್ಲ, ಸಿಗುವುದೂ ಇಲ್ಲ.

ಮೊನ್ನೆ ಧೈರ್ಯ ಮಾಡಿ, ನನಗೆ ಕಿಟಕಿ ಸೂಟೇ ಬೇಕು ಅಂದೆ. "ತಗ್ಯಕ್ಕಾಗ್ದಿರೋ ಗಾಜಿನೊಳ್ಗೆ ಐದ್ ದಿನ ಉಸ್ರು ಕಟ್ತದೆ" ಎಂದು ನಕ್ಕರು. ಬಾಲ್ಕನಿ ಸೂಟಾದರೂ ತಗೊಳ್ಳಿ, ಅದರ ಅಕ್ಕಪಕ್ಕ ಜನ ಇರುತ್ತಾರೆ, ಮಾತಾಡಬಹುದು ಅಂದೆ. "ನಮಗ್ಯಾಕೆ ಜನ?" ಅಂದರು. ಹೋಗುವುದೇ ಬೇಡ ಅಂದೆ. ಆಗ ನಗಲಿಲ್ಲ. ಪುಸ್ತಕ ಮುಚ್ಚಿಟ್ಟು, "ಯಾರ್ ಯೋಳ್ಕೊಟ್ರು ನಿಂಗೆ?" ಎಂದು ಮೆಲ್ಲಗೆ ಕೇಳಿದರು. ನಾನು ತಮಾಷೆ ಎಂದು ಹೇಳಿ ಹಲ್ಲು ಕಿರಿದೆ. ಗೇಟಿಗೆ ಈಗ ಬೀಗ, ಎರಡು ಕ್ಯಾಮೆರಾ. ಮಾರ್ಕೆಟ್ಟಿಗೂ ಇವರೇ ಬರುತ್ತಾರೆ.

ನೀನು ಮಾಡಿದ್ದಕ್ಕೆ ನಿನ್ನ ಮೇಲೆ ಎಷ್ಟು ಕೋಪ ಇದೆ ಎಂದರೆ ಬರೆಯಲು ಈ ಹಾಳೆ ಸಾಲದು. ಅದನ್ನು ಆಮೇಲೆ ಬೈಯುತ್ತೇನೆ, ಎದುರಿಗೆ ಕೂರಿಸಿಕೊಂಡು ಬೈಯುತ್ತೇನೆ. ಮೊದಲು ನನ್ನನ್ನು ಬದುಕಿಸು.

ಗಲಾಟೆ ಮಾಡಿಕೊಂಡು ಬರಬೇಡ. ಇವರಿಗೆ ಗೊತ್ತಾಗಬಾರದು.

ರಂಜಿ

———

ಗುಂಡ್ಲುಪೇಟೆ
21 ಡಿಸೆಂಬರ್ 2024

ನನ್ನ ಬಂಗಾರವೇ,

ಧೈರ್ಯವಾಗಿರು, ದಾರಿ ಸಿಕ್ಕಿತು. ನಿನ್ನೆ ನಾನೂ ನಿಮ್ಮ ಭಾವನೂ ತೆರಕಣಾಂಬಿಗೆ ಹೋಗಿ ಮರಿಮಲ್ಲಪ್ಪನವರನ್ನು ನೋಡಿ ಬಂದೆವು. ನಮ್ಮ ಕುಲಬಾಂಧವರಲ್ಲಿ ಎಂಥ ಜಗಳವಾದರೂ ಅವರ ಜಗಲಿಯಲ್ಲೇ ತೀರುವುದು, ನಿನಗೆ ಗೊತ್ತು. ಅಪ್ಪನ ಕಾಲದ ಭಾಗವನ್ನೂ ಅವರೇ ಮಾಡಿಸಿದ್ದು. ಸ್ಟೇಷನ್ನಿಗೇ ಹೋಗೋಣ ಎಂದು ನಿಮ್ಮ ಭಾವ ಅಂದರು. ನಾನೇ ತಡೆದೆ. ಮನೆತನದ ಮಾತು, ಮೊದಲು ಕುಲದ ಯಜಮಾನರ ಕಿವಿಗೆ ಹಾಕದೆ ಸ್ಟೇಷನ್ ಮೆಟ್ಟಿಲು ಹತ್ತಿದರೆ ನಾಳೆ ನಮ್ಮ ಪರ ನಿಲ್ಲಲು ಯಾರೂ ಇರುವುದಿಲ್ಲ.

ಯಜಮಾನರು ಎಲ್ಲ ಕೇಳಿಸಿಕೊಂಡರು. ವಿಭೂತಿ ಹಚ್ಚಿದ ಹಣೆಯನ್ನು ಅಂಗೈಯಿಂದ ಒತ್ತಿಕೊಂಡರು. ಆಮೇಲೆ, "ಬರ್ದಿರಾದು ಎಲ್ಲಿ?" ಅಂದರು. ಬಾಯಿಮಾತಿಗೆ ಬೆಲೆಯಿಲ್ಲ, ನಿಜ ತಾನೆ. ನಿನ್ನ ಮೂರೂ ಕಾಗದಗಳನ್ನು ಅವರ ಕೈಗೇ ಕೊಟ್ಟೆ. "ನೀನು ಓಗವ್ವ, ನಾನು ಕರ್ಸಿ ಮಾತಾಡ್ತೀನಿ. ನನ್ ಮಾತ್ ಮೀರ ಗಂಡ್ಸು ನಮ್ಮಲ್ಲಿಲ್ಲ" ಅಂದರು. ಅವರ ಹೆಂಡತಿ ಮಡಿಲಿಗೆ ಎಲೆಯಡಿಕೆ ಹಾಕಿ ಕಳಿಸಿದರು. ಎಷ್ಟು ದಿನವಾಗಿತ್ತೋ, ಬರುವಾಗ ಬಸ್ಸಲ್ಲಿ ನನಗೆ ನಿದ್ದೆ ಹತ್ತಿತು.

ಇನ್ನೇನು ಎರಡು ದಿನ. ನಿನ್ನನ್ನು ಕರೆದುಕೊಂಡು ಬರಲು ನಾವೇ ಬರುತ್ತೇವೆ. ಒಂದು ಜೊತೆ ಬಟ್ಟೆ ಎತ್ತಿಟ್ಟುಕೊಂಡಿರು.

ಅಕ್ಕ

———

ಚಾಮರಾಜನಗರ
27 ಡಿಸೆಂಬರ್ 2024

ಪ್ರೀತಿಯ ಸಹೋದರಿಯವರಾದ ಶ್ರೀಮತಿ ಪವಿತ್ರ ಅವರಿಗೆ,

ನಾನು ಮತ್ತು ನನ್ನ ಪತಿಯವರು ಆರೋಗ್ಯದಿಂದಲೂ ಸಂತೋಷದಿಂದಲೂ ಇದ್ದೇವೆ. ಈ ಹಿಂದೆ ನಾನು ಬರೆದ ಪತ್ರಗಳು ಮನಸ್ಸಿನ ಅಸ್ವಸ್ಥತೆಯಿಂದ ಬರೆದಂಥವು. ಅದಕ್ಕೆ ಈಗ ಸೂಕ್ತ ಚಿಕಿತ್ಸೆ ನಡೆಯುತ್ತಿದೆ. ಪೂಜ್ಯ ಮರಿಮಲ್ಲಪ್ಪನವರ ಸಮ್ಮುಖದಲ್ಲಿ ಎಲ್ಲ ವಿಷಯಗಳೂ ಇತ್ಯರ್ಥವಾಗಿರುತ್ತವೆ.

ಕೆಲಸದಾಕೆ ಪುಟ್ಟಿಯನ್ನು ಅವಳ ನಡತೆಯ ಕಾರಣದಿಂದ ಬಿಡಿಸಲಾಗಿದೆ. ಇನ್ನು ಮುಂದೆ ಅವಳ ವಿಳಾಸಕ್ಕೆ ಪತ್ರ ಬರೆಯಬಾರದಾಗಿ ವಿನಂತಿ. ಮನೆಯ ವಿಳಾಸಕ್ಕೇ ಬರೆಯಿರಿ. ಪ್ರವಾಸ ಮುಗಿಯುವವರೆಗೆ ಭೇಟಿಗೆ ಬರುವ ಶ್ರಮ ತೆಗೆದುಕೊಳ್ಳಬೇಡಿ, ವಿಶ್ರಾಂತಿ ಬೇಕೆಂದು ವೈದ್ಯರು ತಿಳಿಸಿದ್ದಾರೆ.

ಪ್ರವಾಸವು ನಿಗದಿಯಂತೆ ನಡೆಯುತ್ತದೆ. ಹಡಗಿನಲ್ಲಿರುವ ಸೂಟುಗಳಲ್ಲೆಲ್ಲ ಅತ್ಯುನ್ನತ ದರ್ಜೆಯದಾದ, ಹನ್ನೊಂದನೇ ಅಂತಸ್ತಿನ ಹಿಂಬದಿಯ ಎಡಮೂಲೆಯ ಸೂಟನ್ನು ನನ್ನ ಪೂರ್ಣ ಒಪ್ಪಿಗೆಯ ಮೇರೆಗೆ ಕಾಯ್ದಿರಿಸಲಾಗಿದೆ. ಅಲ್ಲಿಂದ ಸೂರ್ಯಾಸ್ತವು ಬಹಳ ಸುಂದರವಾಗಿ ಕಾಣುತ್ತದೆ ಎಂದು ನನ್ನ ಪತಿಯವರು ತಿಳಿಸಿದ್ದಾರೆ.

ತಮ್ಮ ಸಹೋದರಿ,
ಶ್ರೀಮತಿ ರಂಜಿನಿ ಸೋಮಶೇಖರ್

———

ಗುಂಡ್ಲುಪೇಟೆ
8 ಜನವರಿ 2025

ರಂಜಿ,

ಹೆಸರು ನಿನ್ನದು ಹಾಕಿದ್ದೇನೆ. ಲಕೋಟೆ ಒಡೆಯುವ ಕೈ ಯಾರದು ಎಂದು ಗೊತ್ತು. ಆದ್ದರಿಂದ ಇನ್ನು ಮುಂದಿನದು ಅವರಿಗೆ.

ಸೋಮಶೇಖರ್ ಅವರೇ, ನನ್ನ ತಂಗಿಯ ಕೈಯಲ್ಲಿ ಬರೆಸಿದ ಕಾಗದ ತಲುಪಿತು. ಅಕ್ಷರ ಅವಳದೇ. ಆದರೆ ನನ್ನ ರಂಜಿ ನನ್ನನ್ನು ಹುಟ್ಟಿದಾಗಿನಿಂದ ಒಂದು ಸಲವೂ "ಅವರಿಗೆ" ಎಂದು ಕರೆದವಳಲ್ಲ. ಓದಿದ ಕೂಡಲೇ ತೆರಕಣಾಂಬಿಗೆ ಓಡಿದೆ. ಮರಿಮಲ್ಲಪ್ಪನವರು ಜಗಲಿಯಲ್ಲಿ ಸಂತೋಷವಾಗಿ ಕೂತಿದ್ದರು. "ನ್ಯಾಯ ಅಂದ್ಮೇಲೆ ಏನೂ ಮುಚ್ಚಿಡಬಾರ್ದು ಕಣವ್ವ. ಕಾಗದ್ವೆಲ್ಲ ಅವ್ನ ಮುಂದ್ಕೇ ಆಕ್ದೆ. ಓದಿ ಅತ್ತುಬುಟ್ಟ. ಅಳೋ ಗಂಡ್ಸು ಕೆಟ್ಟೋನಲ್ಲ. ಎಡ್ತೀನ ಸಮುದ್ರಕ್ಕೆ ಕರ್ಕೊಂಡೋಗಿ ಮನ್ಸು ತಿಳಿ ಮಾಡ್ಕೊಂಡ್ ಬಾ ಅಂತ ನಾನೇ ಅರ್ಸಿ ಕಳ್ಸಿವ್ನಿ" ಅಂದರು. ಕಾಗದಗಳನ್ನು ನಿಮಗೇ ಕೊಟ್ಟುಬಿಟ್ಟರಂತೆ. ನಿಮಗೆ ಗೊತ್ತಾಗಬಾರದು ಎಂದು ತಂಗಿ ಬರೆದಿದ್ದಳು. ನಾನು ದೊಡ್ಡವರು ಎಂದು ನಂಬಿ ಅವಳನ್ನು ನಿಮ್ಮ ಕೈಗೇ ಒಪ್ಪಿಸಿದೆ. ಎರಡನೇ ಸಲ ಒಪ್ಪಿಸಿದೆ. ಆ ಜಗಲಿಯ ಮೆಟ್ಟಿಲ ಮೇಲೆ ನಾನು ಅತ್ತಷ್ಟು ನನ್ನ ತಾಯಿ ಸತ್ತಾಗಲೂ ಅತ್ತಿರಲಿಲ್ಲ.

ಆಮೇಲೆ ಸ್ಟೇಷನ್ನಿಗೂ ಹೋದೆವು. ಯಾವ ಸ್ಟೇಷನ್ ಎಂದು ನಿಮಗೆ ಬೇಡ. ಅಲ್ಲಿದ್ದವರು ಒಳ್ಳೆಯ ಮಾತಿನಲ್ಲೇ, ಗಂಡ ಹೆಂಡತಿಯನ್ನು ಹಡಗಿಗೆ ಕರೆದುಕೊಂಡು ಹೋಗುವುದು ಅಪರಾಧವಲ್ಲಮ್ಮ, ಏನಾದರೂ ಆದರೆ ಬನ್ನಿ ಅಂದರು. ಏನಾದರೂ ಆದ ಮೇಲೆ ಹೋಗಿ ಏನು ಮಾಡುವುದು?

ಅಲ್ಲಿಂದ ಕುದೇರಿಗೆ ಹೋದೆ. ಮೂರು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತನ್ನು ದೊಡ್ಡಮಲ್ಲಮ್ಮನ ಕಾಲು ಹಿಡಿದು ಹೇಳಿದೆ. ನಿಮ್ಮ ಮಗಳ ತೋಳು ಯಾರೋ ಹಿಡಿದಿದ್ದರು ಅಂದೆ. ಬಡಿಯುತ್ತಾಳೆ ಎಂದುಕೊಂಡೆ. ಬಡಿಯಲಿಲ್ಲ. "ನನ್ ಮಗೀಗೆ ಮಣ್ಣಾದ್ರೂ ಸಿಕ್ತು ಕಣವ್ವ. ನಿನ್ ತಂಗಿಗೆ ಅದೂ ಸಿಗಲ್ಲ, ಏಳು" ಅಂದಳು. ಎದ್ದು ನಿಂತಳು, ನನ್ನನ್ನೂ ಎಬ್ಬಿಸಿದಳು.

ಈಗ ನಾವಿಬ್ಬರೂ ಚಾಮರಾಜನಗರದ ವಕೀಲ ಸುಧಾಕರ್ ಅವರ ಮುಂದೆ ಕೂತು, ನಮಗೆ ಗೊತ್ತಿರುವುದೆಲ್ಲವನ್ನೂ ಬರೆಸಿ ರುಜು ಹಾಕಿದ್ದೇವೆ. ಪುಟ್ಟಿಯೂ ಹೆಬ್ಬೆಟ್ಟು ಒತ್ತಿದ್ದಾಳೆ. ಎಲ್ಲೆಲ್ಲಿಗೆ ಪ್ರತಿ ಹೋಗಿದೆ ಎಂದು ಕೇಳಬೇಡಿ. ಇಲ್ಲಿ ಯಾರೂ ನಿಮ್ಮ ಮೇಲೆ ತಪ್ಪು ಹೊರಿಸಿಲ್ಲ. ರಂಜಿನಿಗೆ ಎಲ್ಲಿ, ಯಾವಾಗ, ಏನಾದರೂ ಮೊದಲು ಯಾರ ಹೆಸರು ಕೇಳಬೇಕು ಎಂದು ಮಾತ್ರ ಬರೆಸಿದ್ದೇವೆ.

ಹಾಗಂತ ಪ್ರವಾಸ ರದ್ದು ಮಾಡಬೇಡಿ. ರದ್ದು ಮಾಡಿದರೆ ಅವತ್ತಿನಿಂದ ನಿಮ್ಮ ಗೇಟಿನ ಮುಂದೆ ಚಾಪೆ ಹಾಸಿಕೊಂಡು ಕೂರುತ್ತೇವೆ, ನಿಮ್ಮ ಎರಡು ಕ್ಯಾಮೆರಾಕ್ಕೂ ಚೆನ್ನಾಗಿ ಕಾಣುವ ಹಾಗೆ. ಹೋಗುವುದೇ ವಾಸಿ. ಯಾಕೆಂದರೆ ನಾವೂ ಬರುತ್ತಿದ್ದೇವೆ.

ನಮ್ಮ ಮನೆಯವರು ಕೋಯಿಕ್ಕೋಡಿನ ಏಜೆಂಟನ ಹತ್ತಿರ ಎರಡು ದಿನ ಕೂತು ವಿಚಾರಿಸಿದರು. ಅವನಿಗೆ ಕನ್ನಡ ಬರದು, ಇವರಿಗೆ ಬರುವುದು ತರಕಾರಿಯ ಮಲಯಾಳ ಮಾತ್ರ, ಆದರೂ ಹಡಗಿನ ನಕ್ಷೆ ಮುಂದಿಟ್ಟುಕೊಂಡು ಬೆರಳಲ್ಲಿ ತೋರಿಸಿ ತೋರಿಸಿ ಕೇಳಿದರು. ನೀವೇ ಬರೆಸಿದ ಕಾಗದದಲ್ಲಿ ಅಂತಸ್ತು, ಹಿಂಬದಿ, ಎಡಮೂಲೆ ಎಲ್ಲ ಇತ್ತಲ್ಲ, ಹುಡುಕುವುದು ಕಷ್ಟವಾಗಲಿಲ್ಲ. ನಮಗೆ ಕಿಟಕಿ ಸೂಟು ತೋರಿಸಿದ, ಬೇಡ ಅಂದೆವು. ನಡುಮಧ್ಯದ ಬಾಲ್ಕನಿ ಸೂಟು ತೋರಿಸಿದ, ಅದೂ ಬೇಡ ಅಂದೆವು. ಮೂಲೆ ಎಷ್ಟೇ ಮೂಲೆಯಾದರೂ ಅದಕ್ಕೊಂದು ಪಕ್ಕದ ಮನೆ ಇದ್ದೇ ಇರುತ್ತದೆ. ಅದನ್ನು ತೆಗೆದುಕೊಂಡಿದ್ದೇವೆ. ಪ್ರಿಯಾಂಕ ತೀರಿಕೊಂಡಾಗ ನೀವು ದೊಡ್ಡ ಮನಸ್ಸು ಮಾಡಿ ತಾಯಿಗೆ ವಾಪಸ್ ಕೊಟ್ಟ ಒಡವೆಗಳು ಇದಕ್ಕೆ ಒದಗಿದವು. ಪಾಸ್‌ಪೋರ್ಟಿಗೆ ಫೋಟೋ ತೆಗೆಸುವಾಗ ಆ ಮುದುಕಿ ಹಣೆ ತುಂಬ ವಿಭೂತಿ ಬಳಿದುಕೊಂಡಳು, ಫೋಟೋದವನು ಒರೆಸಿ ಅಂದರೆ ಒರೆಸಲಿಲ್ಲ. ತತ್ಕಾಲ್ ಅರ್ಜಿ ಹಾಕಿದ್ದರಿಂದ ನಮ್ಮಿಬ್ಬರದೂ ಬೇಗ ಬಂತು.

ರಂಜಿ, ಇವರು ನಿನಗೆ ಈ ಕಾಗದ ತೋರಿಸುವುದಿಲ್ಲ. ಆದರೆ ಹದಿನೆಂಟನೇ ತಾರೀಖಿನವರೆಗೆ ಇವರ ಮುಖ ನೋಡುತ್ತಿರು, ಈ ಕಾಗದ ಬಂದಿದೆ ಎಂದು ನಿನಗೆ ಅಲ್ಲೇ ಗೊತ್ತಾಗುತ್ತದೆ. ನನ್ನನ್ನು ಬೈಯುವುದು ಬಾಕಿ ಇದೆ ಅಂದಿದ್ದೀಯ. ಐದು ದಿನವಿದೆ, ಎದುರಿಗೆ ಕೂತು ಬೈ. ಕೊಚ್ಚಿಯಲ್ಲಿ ಹಡಗಿನ ಮೆಟ್ಟಿಲ ಹತ್ತಿರವೇ ನಿನ್ನ ಕೈ ಹಿಡಿದುಕೊಳ್ಳುತ್ತೇನೆ, ವಾಪಸ್ ಇಳಿಯುವವರೆಗೂ ಬಿಡುವುದಿಲ್ಲ. ಇಳಿದ ಮೇಲೆ ಚಾಮರಾಜನಗರದ ಕಡೆಗೆ ತಿರುಗಿಯೂ ನೋಡುವುದು ಬೇಡ.

ಇನ್ನೊಂದು ಮಾತು, ಸೋಮಶೇಖರ್ ಅವರೇ. ನಿಮ್ಮ ಬಾಲ್ಕನಿಗೂ ನಮ್ಮ ಬಾಲ್ಕನಿಗೂ ನಡುವೆ ಒಂದು ಹಲಗೆ ಅಡ್ಡ ಇರುತ್ತದಂತೆ. ಒಂದೇ ಮನೆಯವರಾದರೆ, ಕೇಳಿಕೊಂಡರೆ, ಹಡಗಿನವರು ಅದನ್ನು ತೆಗೆದುಕೊಡುತ್ತಾರಂತೆ. ಕೇಳಿಕೊಂಡಿದ್ದೇವೆ. ಮೂಲೆ ಸೂಟಿನವರು ನಿಮಗೆ ಏನಾಗಬೇಕು ಎಂದು ಹಡಗಿನವರು ದೊಡ್ಡಮಲ್ಲಮ್ಮನನ್ನು ಕೇಳಿದರು. "ಅಳಿಯ" ಎಂದು ಹೇಳಿದಳು.

ಪವಿತ್ರ